‘ಹಿಡಿ’ ಅಂದು ಕೆಟ್ಟ ಕೋಚು

ಇಪ್ಪತ್ತೆರಡು ಜನ ಒಂದು ಚೆಂಡಿನ ಹಿಂದೆ ಓಡುವ ಆಟಕ್ಕೆ ಕಲಿಸುವವರೊಬ್ಬರು ಯಾಕೆ ಬೇಕು ಎಂಬ ಸಂಶಯ ನನಗೆ ಮೊದಲಿನಿಂದಲೂ ಇತ್ತು. ನಾನು ಶಹಾಪುರದ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಮಾಡುವವನು. ಕೊನೆಯ ಬೆಂಚಿನಲ್ಲಿ ಮಲಗಿದವರನ್ನು ಎಬ್ಬಿಸಿ ಸಂಧಿ ಬಿಡಿಸುವ ಹಾಗೆ ಮಾಡಿದವನಿಗೆ, ಎಚ್ಚರವಾಗಿ ಓಡಾಡುವ ಹುಡುಗರು ಯಾವ ಲೆಕ್ಕ? ಹಾಗಾಗಿ ನಮ್ಮ ದೈಹಿಕ ಶಿಕ್ಷಣದ ಸರ್ ವರ್ಗವಾಗಿ ಹೋದಾಗ, ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು, “ಫುಟ್‌ಬಾಲ್ ಟೀಮ್ ಯಾರು ನೋಡ್ಕೋತೀರಿ?” ಎಂದು ಕೇಳಿದ ಕೂಡಲೇ ನಾನು ಕೈ ಎತ್ತಿದೆ. ಉಳಿದವರೆಲ್ಲ ಪೇಪರಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಅವರಿಗೆ ಉತ್ಸಾಹ ಕಡಿಮೆ ಎಂದುಕೊಂಡೆ. ಬುದ್ಧಿ ಹೆಚ್ಚು ಎಂಬುದು ಆಮೇಲೆ ತಿಳಿಯಿತು.

ಮನೆಗೆ ಬಂದು ಹೆಂಡತಿ ಶಾಂತಾಗೆ ಸುದ್ದಿ ಹೇಳಿದೆ.

“ನಿಮಗ ಫುಟ್‌ಬಾಲ್ ಬರ್ತದೇನ್ರಿ?” ಎಂದಳು.

“ಅದರಾಗ ಬರೂದೇನದ? ಚೆಂಡು ಒದಿಯೂದು.”

“ಮೊನ್ನಿ ಕತ್ತಲಿಗೆ ಮಂಚದ ಕಾಲು ಒದ್ದು ಹೆಬ್ಬಟ್ಟು ಊದಿಸ್ಕೊಂಡ್ರಲ್ಲ, ಹಂಗೇನು?”

ಕೋಚ್ ಆದವನು ಸಣ್ಣ ಮಾತುಗಳನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಮರುದಿನವೇ ಅಧಿಕಾರ ವಹಿಸಿಕೊಂಡೆ. ತಂಡದಲ್ಲಿದ್ದವರೆಲ್ಲ ಸುತ್ತಲಿನ ಹಳ್ಳಿಗಳ ಹುಡುಗರು. ಚಿಕ್ಕಂದಿನಿಂದ ಕಬಡ್ಡಿ ಆಡಿ ಮೊಣಕಾಲು ಕೆತ್ತಿಸಿಕೊಂಡವರು, ಕಾಲೇಜಿಗೆ ಬಂದ ಮೇಲೆ ಫುಟ್‌ಬಾಲಿಗೆ ಮನಸೋತವರು. ಕ್ಯಾಪ್ಟನ್ ಶಿರವಾಳದ ಸಾಯಿಬಣ್ಣ, ಕೊನೆಯ ವರ್ಷದವನು. ಬೆಳಗಿನ ಮೊದಲ ಬಸ್ಸಿಗೆ ಬಂದು, ಯಾರೂ ಹೇಳದೆ ಒಬ್ಬನೇ ಮೈದಾನದ ಕಲ್ಲು ಆರಿಸಿ ಹಾಕುತ್ತಿದ್ದ. ಗೋಲು ಕಾಯುವ ಗೋಲಿ ದೇವಾಪುರದ ಹಣಮಂತ. ಅವನ ಅಂಗೈಗಳು ರೊಟ್ಟಿ ತಟ್ಟುವ ಕೊಣಮಿಗೆಯಷ್ಟು ಅಗಲ. ಹಿರಿಯರು ಏನು ಹೇಳಿದರೂ ನಂಬುವ ಹುಡುಗ. ಈ ಕೊನೆಯ ಗುಣವೇ ನಮ್ಮಿಬ್ಬರಿಗೂ ಮುಳುವಾಯಿತು.

ನಾನು ಜಾರಿಗೆ ತಂದ ಮೊದಲ ಸುಧಾರಣೆ ಭಾಷೆಯದು. ಹುಡುಗರು ಪಾಸ್, ಶೂಟ್, ಮಾರ್ಕ್ ಎಂದು ಕೂಗಾಡುತ್ತಿದ್ದರು. ಕನ್ನಡದ ಅನ್ನ ಉಣ್ಣುವವನಿಗೆ ಇದನ್ನು ಸಹಿಸಲಾಗಲಿಲ್ಲ. “ಆಟ ಪರದೇಶದ್ದಿರಬಹುದು, ಮಾತು ನಮ್ಮದಿರಲಿ” ಎಂದು ಒಂದು ಸಣ್ಣ ಭಾಷಣ ಮಾಡಿ, ಪಾಸ್ ಅನ್ನು ‘ಕೊಡು’ ಮಾಡಿದೆ, ಶೂಟ್ ಅನ್ನು ‘ಹೊಡಿ’ ಮಾಡಿದೆ. ಎದುರಾಳಿಯ ಬೆನ್ನು ಬಿಡದೆ ಕಾಯುವುದಕ್ಕೆ ಮಾರ್ಕ್ ಅನ್ನುತ್ತಾರಂತೆ. ಅದನ್ನು ‘ಹಿಡಿ’ ಮಾಡಿದೆ.

ಸಾಯಿಬಣ್ಣ ತಲೆ ಕೆರೆದುಕೊಂಡ. “ಸರ್, ಮಾರ್ಕ್ ಅಂದ್ರ ಹಂತ್ಯಾಕ ಹೋಗಿ ನಿಲ್ಲೂದ್ರಿ. ಹಿಡಿ ಅಂದ್ರ ನಮ್ಮ ಹುಡುಗ್ರು…”

“ಭಾವಾರ್ಥ ತಗೋ ಸಾಯಿಬಣ್ಣ, ಶಬ್ದಾರ್ಥ ಬ್ಯಾಡ.”

“ಆತ್ರಿ ಸರ್” ಎಂದ. ನಮ್ಮ ಕಡೆ ‘ಆತ್ರಿ’ ಅಂದರೆ ಒಪ್ಪಿಗೆ ಎಂದೂ ಆಗುತ್ತದೆ, ಇನ್ನು ದೇವರೇ ದಿಕ್ಕು ಎಂದೂ ಆಗುತ್ತದೆ. ನಾನು ಮೊದಲನೆಯ ಅರ್ಥ ತೆಗೆದುಕೊಂಡೆ.

ಮೊದಲ ಪಂದ್ಯ ಯಾದಗಿರಿಯಲ್ಲಿ, ಸುರಪುರದ ಕಾಲೇಜಿನ ಮೇಲೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಹುಡುಗನೊಬ್ಬ ಚೆಂಡು ತಗೊಂಡು ನಮ್ಮ ಗೋಲಿನ ಹತ್ತಿರ ನುಗ್ಗಿದ. ನಾನು ಗೆರೆಯ ಹೊರಗೆ ನಿಂತು ಶಕ್ತಿಮೀರಿ ಕೂಗಿದೆ: “ಹಿಡೀರಿ ಅವನ್ನ!”

ಹಿಡಿದರು. ಒಬ್ಬ ಸೊಂಟ ಹಿಡಿದ, ಇನ್ನೊಬ್ಬ ಪಾದ ಹಿಡಿದ, ಇಬ್ಬರು ಕೈಕೈ ಕೂಡಿಸಿ ಸರಪಳಿ ಕಟ್ಟಿ ಮೇಲೆ ಬಿದ್ದರು. ಭಾವಾರ್ಥ ಎಲ್ಲಿಯೋ ಹೋಗಿ ಶಬ್ದಾರ್ಥ ಮಣ್ಣಿನಲ್ಲಿ ಹೊರಳಾಡಿತು. ಅದಕ್ಕಿಂತ ಹೆಚ್ಚಿನ ಆಶ್ಚರ್ಯವೆಂದರೆ, ಕೆಳಗೆ ಸಿಕ್ಕ ಆ ಸುರಪುರದ ಹುಡುಗನೂ ಮೂಲತಃ ಕಬಡ್ಡಿಯವನೇ ಇರಬೇಕು. ಚೆಂಡನ್ನು ಮರೆತು, ಉಸಿರು ಬಿಡದೆ, ಮಧ್ಯದ ಗೆರೆ ಮುಟ್ಟಲಿಕ್ಕೆ ಕೈ ಚಾಚುತ್ತಿದ್ದ!

ರೆಫರಿ ಸೀಟಿ ಊದಿ ಊದಿ ಸುಸ್ತಾದ. ಅವರಿಗೆ ಪೆನಾಲ್ಟಿ ಸಿಕ್ಕಿತು. ನಾನು ಗಾಬರಿಯಲ್ಲಿ ಮತ್ತೆ ಅದೇ ಶಬ್ದ ಕೂಗಿದೆ, ಇನ್ನೊಂದು ಪೆನಾಲ್ಟಿ ಸಿಕ್ಕಿತು. ಕೊನೆಗೆ ಐದು ಗೋಲು ತಿಂದು, ಒಂದನ್ನೂ ಹಾಕದೆ ಸೋತೆವು. ‘ಹೊಡಿ’ ಎಂದು ಕೂಗುವ ಸಂದರ್ಭ ನನಗೆ ಬರಲಿಲ್ಲವಲ್ಲ, ಅದೇ ದೊಡ್ಡ ಪುಣ್ಯ. ಬಂದಿದ್ದರೆ ಪೊಲೀಸರು ಬರಬೇಕಾಗುತ್ತಿತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಹುಡುಗರಲ್ಲಿ ಒಬ್ಬನಾದರೂ ನನ್ನನ್ನು ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ತಮ್ಮ ತಮ್ಮ ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತ ಕೂತಿದ್ದರು.

ಪ್ರಿನ್ಸಿಪಾಲರು ಮಾತ್ರ ಸುಮ್ಮನಿರಲಿಲ್ಲ. “ಸರ್, ಬರೂ ತಿಂಗಳ ಸುರಪುರದಾಗ ಇನ್ನೊಂದು ಮ್ಯಾಚ್ ಅದ, ಅವರ ಜೋಡಿನೇ. ಇದನ್ನೂ ಸೋತ್ರ ಫುಟ್‌ಬಾಲ್ ಬಂದ್. ಮೈದಾನದಾಗ ಶೆಡ್ ಹಾಕಿಸಿ ಗಾಡಿ ನಿಲ್ಲಸೂಣು. ಸ್ಟಾಫಿನವರೂ ನೆಳ್ಳಿಲ್ಲಂತ ಅನ್ನಾಕತ್ತಾರ” ಎಂದರು. ಸ್ಟಾಫಿನವರಲ್ಲಿ ನೆರಳಿಗಾಗಿ ಎಲ್ಲರಿಗಿಂತ ಹೆಚ್ಚು ಗೋಳಾಡಿದವನು ನಾನೇ ಎಂಬುದನ್ನು ಆ ಹೊತ್ತಿನಲ್ಲಿ ನೆನಪಿಸಲಿಲ್ಲ.

ಸಾಯಿಬಣ್ಣನಿಗೆ ಈ ಸುದ್ದಿ ಹೇಳಬೇಕಾಯಿತು. ಅವನು ಬಹಳ ಹೊತ್ತು ಬೂಟಿನ ಲೇಸು ಬಿಚ್ಚುವುದು ಕಟ್ಟುವುದು ಮಾಡಿದ. ಆಮೇಲೆ ಹೇಳಿದ: “ನಂದೇನು ಸರ್, ಈ ವರ್ಷಕ್ಕ ಮುಗೀತು. ಸಣ್ಣ ಹುಡುಗ್ರು ಅದಾರ್ರಿ. ನಾವು ಹೋಗೂ ಮುಂದ ಆಟಾನೂ ಮುಗಿಸಿ ಹೋದ್ರು ಅಂತಂದ್ರ ಹೆಂಗ್ರಿ?”

ಈ ಹುಡುಗನ ಮೈದಾನ ಉಳಿಸಲೇಬೇಕು ಎಂದು ಅಲ್ಲಿಯೇ ಪ್ರತಿಜ್ಞೆ ಮಾಡಿದೆ. ನಾನು ಪ್ರತಿಜ್ಞೆ ಮಾಡದೆ ಸುಮ್ಮನಿದ್ದಿದ್ದರೆ ಅದು ಇನ್ನೂ ಸುಲಭವಾಗಿ ಉಳಿಯುತ್ತಿತ್ತು.

ರೋಗ ಎಲ್ಲಿದೆಯೋ ಮದ್ದೂ ಅಲ್ಲಿಯೇ ಹಾಕಬೇಕಲ್ಲ. ನಾನು ಒಂದು ಕಠೋರ ಅಭ್ಯಾಸಕ್ರಮ ರಚಿಸಿದೆ. ಆಟದ ನಡುವೆ ಯಾವಾಗ ಬೇಕಾದರೂ ನಾನು ‘ಹಿಡಿ’ ಎಂದು ಕೂಗುತ್ತೇನೆ. ಕೂಗಿದ ಕೂಡಲೇ ಎಲ್ಲರೂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಯಾರ ಕೈ ಮುಂದೆ ಕಂಡಿತೋ ಅವರು ಮೈದಾನ ಸುತ್ತಬೇಕು. ಹೀಗೆ ಮಾಡಿದರೆ ಕಬಡ್ಡಿಯ ಚಾಳಿ ಬೇರುಸಹಿತ ಹೋಗುತ್ತದೆ ಎಂಬುದು ನನ್ನ ಸಿದ್ಧಾಂತ.

ಹಣಮಂತ ಗೋಲಿನಿಂದ ಓಡಿ ಬಂದು ಕೇಳಿದ: “ಸರ್, ನಾನು ಗೋಲಿ ಇದ್ದೀನ್ರಿ. ನಾನೂ ಇದರಾಗ ಬರ್ತೀನೇನ್ರಿ?”

“ಶಿಸ್ತು ಎಲ್ಲಾರಿಗೂ ಒಂದ ಹಣಮಂತಾ. ಭೇದಭಾವ ಇಲ್ಲ” ಎಂದೆ.

ಪಾಪ, ಅವನು ವಾಪಸ್ ಹೋಗಿ ನಿಂತ. ಮೊದಮೊದಲು ಎಲ್ಲರಿಗಿಂತ ಹೆಚ್ಚು ಮೈದಾನ ಸುತ್ತಿದವನು ಅವನೇ. ಹಿಡಿಯುವುದೇ ಕೆಲಸವಾದವನಿಗೆ ಹಿಡಿಯದೇ ಇರುವುದನ್ನು ಕಲಿಸುವುದು ಸಣ್ಣ ಸಾಧನೆಯಲ್ಲ. ನಾನು ಅದನ್ನೂ ಸಾಧಿಸಿದೆ. ನಾಲ್ಕು ದಿನ ಕಳೆಯುವುದರೊಳಗೆ ನನ್ನ ಬಾಯಿಂದ ‘ಹಿ’ ಹೊರಟರೆ ಸಾಕು, ಅವನ ಕೈಗಳು ಬೆನ್ನ ಹಿಂದೆ ಹೋಗಿ ಕೂತಿರುತ್ತಿದ್ದವು.

ಹುಡುಗರ ಜೊತೆ ನಾನೂ ಕೈ ಕಟ್ಟಿ ಕಟ್ಟಿ ತೋರಿಸುತ್ತಿದ್ದೆನಲ್ಲ, ಅದರ ಫಲ ಮನೆಯಲ್ಲಿ ಕಂಡಿತು. ಬಿಸಿಲಲ್ಲಿ ಬಂದ ನನಗೆ ಶಾಂತಾ ಚರಿಗೆ ತುಂಬ ಮಜ್ಜಿಗೆ ತಂದು “ಹಿಡೀರಿ” ಎಂದಳು. ನನ್ನ ಎರಡೂ ಕೈ ಸರ್ರನೆ ಬೆನ್ನ ಹಿಂದೆ ಹೋದವು. ಅವಳು ಚರಿಗೆ ಬಿಟ್ಟಾಗಿತ್ತು.

“ಹಿಡೀರಿ ಅಂದ್ರ ಕೈ ಹಿಂದ ಒಯ್ಯೂದು ಯಾವ ಊರ ಪದ್ಧತಿರಿ?” ಎಂದಳು ಮಜ್ಜಿಗೆಯಲ್ಲಿ ನಿಂತು.

“ಇದು ತರಬೇತಿ ಶಾಂತಾ. ಅಭ್ಯಾಸ ರಕ್ತದಾಗ ಇಳದದ ನೋಡು.”

“ರಕ್ತದಾಗ ಇಳಿಲಿ. ಮೊದಲು ನೆಲ ಒರಸ್ರಿ.”

ನೆಲ ಒರೆಸುತ್ತ ನನಗೆ ಅಪಾಯ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಪದ್ಧತಿ ಎಷ್ಟು ಪರಿಣಾಮಕಾರಿ ಎಂದು ಹೆಮ್ಮೆಪಟ್ಟೆ.

ಸುರಪುರದ ಪಂದ್ಯದ ದಿನ ಬಂತು. ಮುಂಜಾನೆಯಿಂದ ಮೋಡ ಮುಚ್ಚಿಕೊಂಡು ತಂಪಾಗಿತ್ತು. ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ನಮ್ಮ ಹುಡುಗರು ಆಡಿದ್ದನ್ನು ನೋಡಬೇಕಿತ್ತು! ಯಾರೂ ಯಾರನ್ನೂ ಮುಟ್ಟಲಿಲ್ಲ. ಬೀಗರ ಮನೆಗೆ ಬಂದವರ ಹಾಗೆ ಮರ್ಯಾದೆಯಿಂದ ಚೆಂಡು ಕಸಿದುಕೊಂಡರು. ಮೊದಲರ್ಧ ಎರಡೂ ಕಡೆ ಗೋಲಿಲ್ಲ. ನಾನು ಪಕ್ಕದಲ್ಲಿ ನಿಂತ ಸುರಪುರದ ಹಿರಿಯರೊಬ್ಬರಿಗೆ ನನ್ನ ಅಭ್ಯಾಸಕ್ರಮದ ತತ್ವವನ್ನು ವಿವರಿಸತೊಡಗಿದೆ. ಅವರು ಸ್ವಲ್ಪ ಸ್ವಲ್ಪವೇ ದೂರ ಸರಿದರು.

ದ್ವಿತೀಯಾರ್ಧದಲ್ಲಿ ಆಗಬಾರದ್ದು ಆಯಿತು. ಅವರ ಹುಡುಗನೊಬ್ಬ ದೂರದಿಂದ ಚೆಂಡು ಒದ್ದ. ಒದೆತ ಸರಿ ಬೀಳಲಿಲ್ಲ. ಚೆಂಡು ಮೆಲ್ಲಗೆ ಮೇಲೇರಿ, ಮೆಲ್ಲಗೆ ಕೆಳಗಿಳಿದು, ನೇರ ಹಣಮಂತನ ಎದೆಯ ಕಡೆಗೇ ಬರತೊಡಗಿತು. ಅಂಗಳದಲ್ಲಿ ಆಡುವ ಕೂಸು ಕೂಡ ಹಿಡಿಯುವಂಥ ಚೆಂಡು. ಹಣಮಂತ ಎರಡೂ ಕೈ ಚಾಚಿ ಸಿದ್ಧನಾಗಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಪ್ರೀತಿ ಉಕ್ಕಿತು, ಕೂಗಿದೆ:

“ಹಿಡಿ ಹಣಮಂತಾ!”

ಅವನ ಕೈಗಳು ಬೆನ್ನ ಹಿಂದೆ ಹೋದವು.

ಚೆಂಡು ಅವನ ಎದೆಗೆ ಬಡಿದು ಮೇಲೆ ಪುಟಿದು, ಹೆಗಲ ಮೇಲಿಂದ ಹಾದು, ಬಲೆಯೊಳಗೆ ಹೋಗಿ ಕೂತಿತು. ಒಂದು ಕ್ಷಣ ಸುರಪುರದವರಿಗೂ ಏನಾಯಿತು ಎಂದು ತಿಳಿಯಲಿಲ್ಲ. ಆಮೇಲೆ ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಣಮಂತ ಕೈ ಕಟ್ಟಿಕೊಂಡೇ ನನ್ನ ಕಡೆ ನೋಡುತ್ತಿದ್ದ, ಸರ್ ಹೇಳಿದ್ದನ್ನು ಸರಿಯಾಗಿ ಮಾಡಿದೆನೋ ಇಲ್ಲವೋ ಎಂದು ಕೇಳುವ ಹಾಗೆ. ಆ ನೋಟವನ್ನು ನಾನು ಈಗಲೂ ತಡೆದುಕೊಳ್ಳಲಾರೆ. ನನ್ನ ಮಾತು ನಂಬಿದ ಹುಡುಗನನ್ನು ನಾನೇ ಅಷ್ಟು ಜನರ ಮುಂದೆ ನಗೆಪಾಟಲು ಮಾಡಿದ್ದೆ. ಮೈದಾನದ ಮೇಲೆ ಗಾಡಿಗಳ ಶೆಡ್ಡು ಎದ್ದು ನಿಂತಂತೆಯೇ ಕಂಡಿತು.

ಸಾಯಿಬಣ್ಣ ಓಡುತ್ತ ನನ್ನ ಹತ್ತಿರ ಬಂದ. ಬೈಯಲಿ ಎಂದು ತಲೆ ತಗ್ಗಿಸಿದೆ.

“ಸರ್, ಬಸ್‌ಸ್ಟ್ಯಾಂಡ್ ಹಂತ್ಯಾಕ ಚಾ ಭಾಳ ಛಲೋ ಮಾಡ್ತಾರ್ರಿ.”

“ಈಗ್ಯಾಕೋ ಚಾ?”

“ಬೆಳಗಿನಿಂದ ಒದರಿ ಒದರಿ ಗಂಟಲ ಒಣಗ್ಯದ ನಿಮ್ದು. ಹೋಗಿ ಕುಡದ್ ಬರ್ರಿ.” ಸ್ವಲ್ಪ ತಡೆದು, ಬಹಳ ವಿನಯದಿಂದ ಸೇರಿಸಿದ: “ಸಾವಕಾಶ ಕುಡೀರಿ ಸರ್.”

ಇದಕ್ಕೆ ಭಾವಾರ್ಥ ಹೇಳುವವರು ನನಗೆ ಬೇಕಾಗಿರಲಿಲ್ಲ. ಹೊರಟೆ.

ಹೋಟೆಲಿನಲ್ಲಿ ಚಹಾ ಬಸಿಗೆ ಸುರಿದುಕೊಂಡು ಕೂತೆ. ಎರಡು ಗುಟುಕು ಕುಡಿದಿರಲಿಲ್ಲ, ಮೈದಾನದ ಕಡೆಯಿಂದ ದೊಡ್ಡ ಗದ್ದಲ ಕೇಳಿಸಿತು.

“ಗೋಲ್ ಆದಂಗಾತು” ಎಂದರು ಹೋಟೆಲಿನವರು.

“ಯಾರಿಗ್ರಿ?”

“ನಾ ಇಲ್ಲಿ ಚಾ ಮಾಡಾಕತ್ತೀನಲ್ರಿ. ನನಗ್ಹೆಂಗ ಗೊತ್ತಾಗಬೇಕು?”

ಓಡಿ ಹೋಗಿ ನೋಡಲೇ ಎನಿಸಿತು. ಆದರೆ ಆ ಗೋಲು ನಮ್ಮದಾಗಿದ್ದರೆ, ನಾನು ಇಲ್ಲಿ ಕೂತದ್ದಕ್ಕೇ ಆಗಿರಬೇಕು. ಎದ್ದು ಹೋಗಿ ಕೆಡಿಸಬಾರದು. ಇನ್ನೊಂದು ಚಹಾ ಹೇಳಿದೆ. ಅದು ಮುಗಿಯುವಷ್ಟರಲ್ಲಿ ಮತ್ತೆ ಗದ್ದಲ. ಮತ್ತೊಂದು ಹೇಳಿದೆ. “ಮನ್ಯಾಗ ಏನರ ತ್ರಾಸ ಅದ ಏನ್ರಿ?” ಎಂದು ಹೋಟೆಲಿನವರು ಕನಿಕರದಿಂದ ಕೇಳಿದರು.

ಬಸಿ ಕೆಳಗಿಡುವ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ನಮ್ಮ ಹುಡುಗರು ಕಂಡರು. ಮುಖವೆಲ್ಲ ಮಣ್ಣು. ನಗುತ್ತಿದ್ದಾರೋ ಅಳುತ್ತಿದ್ದಾರೋ ದೂರದಿಂದ ತಿಳಿಯಲಿಲ್ಲ.

“ಸರ್, ಎರಡು ಒಂದು” ಎಂದ ಸಾಯಿಬಣ್ಣ.

“ಎರಡು ಯಾರ್ದಪಾ?”

“ನಮ್ದರೀ.”

ನಾನು ಅವನನ್ನು ಅಪ್ಪಿಕೊಂಡೆ. ಹಣಮಂತನನ್ನೂ ಅಪ್ಪಿಕೊಂಡೆ. ಕೊನೆಯ ಗಳಿಗೆಯಲ್ಲಿ ಬಂದ ಎರಡು ಗಟ್ಟಿ ಚೆಂಡುಗಳನ್ನು ಅವನು ಹಾರಿ ಹಿಡಿದನಂತೆ. ಹೇಗೆ ಹಿಡಿದೆ ಎಂದು ಕೇಳಿದ್ದಕ್ಕೆ, “ಯಾರೂ ಏನೂ ಅನ್ಲಿಲ್ರಿ, ಹಿಡದೆ” ಎಂದ.

ಮರುದಿನ ಪ್ರಿನ್ಸಿಪಾಲರು ಎಲ್ಲರನ್ನೂ ಕರೆಸಿ ಶಹಬ್ಬಾಸ್ ಅಂದರು. ಶೆಡ್ಡಿನ ಮಾತು ಎತ್ತಲಿಲ್ಲ. ಹೋಗುವ ಮುಂದೆ ಮಾತ್ರ ಹಣಮಂತನನ್ನು ನಿಲ್ಲಿಸಿ, “ಆ ಒಂದು ಗೋಲು ಭಾಳ ಹಗುರ ಇತ್ತಂತಲ್ಲೋ, ಹೆಂಗ ಬಿಟ್ಟಿ?” ಎಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ನಾನು ನಿಜ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಣಮಂತ ಮುಖ ಗಂಭೀರ ಮಾಡಿಕೊಂಡು ಹೇಳಿದ: “ಬಿಸಲು ಕಣ್ಣಿಗೆ ಹೊಡೀತ್ರಿ ಸರ್.”

“ಹೌದ್ರಿ, ಭಾಳ ಬಿಸಲಿತ್ರಿ” ಎಂದ ಸಾಯಿಬಣ್ಣ. ಉಳಿದವರೂ ತಲೆ ಆಡಿಸಿದರು.

ಆ ದಿನ ಸುರಪುರದಲ್ಲಿ ಸೂರ್ಯ ಮುಖವನ್ನೇ ತೋರಿಸಿರಲಿಲ್ಲ. ನಾನು ಇಷ್ಟು ವರ್ಷ ಪಾಠ ಹೇಳಿದ್ದೇನೆ, ಸನ್ಮಾನದ ಶಾಲುಗಳನ್ನೂ ಹೊದ್ದಿದ್ದೇನೆ. ಆದರೆ ಈ ಹುಡುಗರು ನನಗಾಗಿ ಹುಟ್ಟಿಸಿದ ಆ ಬಿಸಿಲಿನಷ್ಟು ಬೆಚ್ಚಗೆ ನನ್ನನ್ನು ಯಾವುದೂ ಇಟ್ಟಿರಲಿಲ್ಲ. ಅವರ ಋಣ ನನ್ನ ಮೇಲಿದೆ ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ.

ಸಂತೋಷದಲ್ಲಿ ಪ್ರಿನ್ಸಿಪಾಲರು ನನ್ನನ್ನೇ ಕೋಚ್ ಆಗಿ ಮುಂದುವರಿಸಿದರು. ಹುಡುಗರು ಬೇಡ ಎನ್ನುತ್ತಾರೇನೋ ಎಂದು ಅಳುಕಿದ್ದೆ. ಅವರು ಚಪ್ಪಾಳೆ ತಟ್ಟಿದರು. ಮುಂದಿನ ಪಂದ್ಯಕ್ಕೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂರಿಸಿದರು. ಯಾದಗಿರಿಯಲ್ಲಿ ಇಳಿದ ಮೇಲೆ ಎದೆಯುಬ್ಬಿಸಿ ಕೇಳಿದೆ: “ಮೈದಾನಕ್ಕ ಯಾವ ಕಡಿ ಹೋಗಬೇಕೋ?”

“ಮೈದಾನದ್ದು ಆಮ್ಯಾಲೆ ನೋಡೂಣ್ರಿ ಸರ್” ಎಂದ ಸಾಯಿಬಣ್ಣ, ನನ್ನ ಚೀಲ ತಾನೇ ಹೆಗಲಿಗೇರಿಸಿಕೊಂಡು. “ಮೊದಲು ನಿಮಗೊಂದು ಛಲೋ ಚಾದ ಹೋಟೆಲ್ ಹುಡುಕೂಣು.”

ನಾನು ತುಟಿಪಿಟಕ್ಕೆನ್ನದೆ ಅವರ ಹಿಂದೆ ನಡೆದೆ.