ಭಾವ ಗಂಡು ನೋಡಲು ಹೋದದ್ದು

ನನ್ನ ಮದುವೆಗೆ ಎಂಟು ತಿಂಗಳು ಅಡ್ಡ ನಿಂತದ್ದು ಒಂದು ಎಲೆಕ್ಟ್ರಾನು ಎಂದರೆ ನಂಬುತ್ತೀರಾ? ನಂಬಲೇಬೇಕು. ಆ ಎಲೆಕ್ಟ್ರಾನನ್ನು ನಮ್ಮ ಮನೆಗೆ ತಂದವರು ನಮ್ಮ ಭಾವ, ಅಕ್ಕನ ಗಂಡ!

ಭಾವ ಸೈದ್ಧಾಂತಿಕ ಭೌತವಿಜ್ಞಾನಿ. ಅರುವತ್ತರ ದಶಕ ಆಗತಾನೇ ಶುರುವಾಗಿತ್ತು. ಕಲ್ಕತ್ತೆಯಲ್ಲಿ ಸಂಶೋಧನೆ ಮುಗಿಸಿ, ಕೆಲಸಕ್ಕೆ ಅಲ್ಲಿ ಇಲ್ಲಿ ಅರ್ಜಿ ಹಾಕಿ, ಅಕ್ಕನೊಂದಿಗೆ ಮಧುಗಿರಿಯ ನಮ್ಮ ಮನೆಗೆ ಬಂದಿಳಿದಿದ್ದರು. ವಿದೇಶಿ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾದರೆ ಕೆಲಸ ಖಾತ್ರಿ ಎಂದು ಅವರ ಗುರುಗಳು ಹೇಳಿದ್ದರಂತೆ. ಲೋಹದೊಳಗೆ ಎಲೆಕ್ಟ್ರಾನುಗಳು ಹೇಗೆ ಓಡಾಡುತ್ತವೆ ಎಂಬುದು ವಿಷಯ. ಇದಕ್ಕೆ ಯಂತ್ರ ಬೇಡ, ಪ್ರಯೋಗಶಾಲೆ ಬೇಡ, ಕಾಗದ ಪೆನ್ಸಿಲು ಸಾಕು. ಆದರೆ ಒಂದು ಲೆಕ್ಕ ಮೂರು ವರ್ಷದಿಂದ ಬಗೆಹರಿದಿರಲಿಲ್ಲ. ಊಟಕ್ಕೆ ಕೂತರೆ ಸಾರಿನಲ್ಲಿ ಬೆರಳದ್ದಿ ಎಲೆಯ ಮೇಲೆ ಬರೆಯುತ್ತಿದ್ದರು. ಅದನ್ನು ಅವರು ಕಾಗದಕ್ಕೆ ಇಳಿಸಿಕೊಳ್ಳುವವರೆಗೆ ಅಕ್ಕ ಅನ್ನ ಬಡಿಸುವಂತಿರಲಿಲ್ಲ!

ಅಪ್ಪನಿಗೆ ಅಳಿಯನ ಬಗ್ಗೆ ಬಲು ಹೆಮ್ಮೆ. ಶಿರಾದಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ಸ್ನೇಹಿತ ಸಾಹೇಬರಿಗೆ "ನಮ್ಮಳಿಯ ದೊಡ್ಡ ಸೈಂಟಿಸ್ಟು" ಎಂದದ್ದೇ ತಡ, ಸಾಹೇಬರು ಕೆಟ್ಟುಹೋದ ರೇಡಿಯೋವನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬಂದೇಬಿಟ್ಟರು. ಭಾವ ಅದನ್ನು ಮುಟ್ಟಲೂ ಇಲ್ಲ. ರೇಡಿಯೋ ಏಕೆ ಮಾತಾಡುತ್ತದೆ ಎಂದು ಒಂದು ಗಂಟೆ ವಿವರಿಸಿದರು. ಸಾಹೇಬರು ಸಾವಧಾನವಾಗಿ ಕೇಳಿ, "ನಂಗೆ ಸಮಜಾಯ್ತು ಸಾಬ್. ಈಗ ಇದಕ್ಕೂ ಜರಾ ಸಮಜಾಯ್ಸಿ, ಮಾತಾಡ್ಲಿ!" ಎಂದರು.

ಇಂಥವರನ್ನು ಅಪ್ಪ ನನಗೆ ಗಂಡು ನೋಡಲು ಪಾವಗಡಕ್ಕೆ ಕಳಿಸಿದರು! ಏನು ಮಾಡುತ್ತಾರೆ, ಅಪ್ಪನಿಗೆ ಮಂಡಿನೋವು, ಮನೆಯಲ್ಲಿ ಬೇರೆ ಗಂಡಸರಿಲ್ಲ. ಹುಡುಗ ಅಲ್ಲಿ ಮೇಷ್ಟರು. ನನ್ನ ಜಾತಕವನ್ನು ಜೇಬಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಹೋದ ಭಾವ ಸಂಜೆ ಕುಣಿಯುತ್ತ ಬಂದರು.

"ಏನ್ ಅಳಿಯಂದ್ರೇ, ಹೆಂಗವ್ನೆ ಹುಡ್ಗ?" ಎಂದರು ಅಪ್ಪ.

"ಬಂದ್ಬುಡ್ತು ಮಾವ!"

"ಏನು, ಜೊತೇಲೇ ಬಂದ್ಬುಟ್ನಾ?"

"ಹುಡುಗ ಅಲ್ಲ ಮಾವ, ಲೆಕ್ಕ!"

ಬಸ್ಸಿನಲ್ಲಿ ಏನೋ ಹೊಳೆಯಿತಂತೆ. ಪಾವಗಡದಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಕೂತು ಬರೆದೂ ಬರೆದೂ, ಕಾಗದ ಸಾಲದೆ ನನ್ನ ಜಾತಕದ ಹಿಂಬದಿಯನ್ನೂ ತುಂಬಿಸಿ, ಹಾಗೇ ವಾಪಸು! ಅಲ್ಲಿ ಗಂಡಿನ ಮನೆಯವರು ಒಬ್ಬಟ್ಟು ಮಾಡಿಕೊಂಡು ಕತ್ತಲಾಗುವವರೆಗೆ ಕಾದಿದ್ದರಂತೆ. ಅಪ್ಪನಿಗೆ ಎಷ್ಟು ಅವಮಾನವಾಯಿತೆಂದರೆ, ಅವರಿಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಭಾವನೊಂದಿಗೆ ಮಾತೂ ಬಿಟ್ಟರು. ಮಾತು ಬಿಟ್ಟಿದ್ದಾರೆಂದು ಭಾವನಿಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ!

ಲೇಖನ ಹಡಗಿನ ಅಂಚೆಯಲ್ಲಿ ವಿದೇಶಕ್ಕೆ ಹೋಯಿತು. ಎಂಟನೆಯ ತಿಂಗಳಿಗೆ ಉತ್ತರ ಬಂತು. ಇದೇ ಲೆಕ್ಕವನ್ನು ಬೇರೊಂದು ದೇಶದವರು ಆಗಲೇ ಮಾಡಿ ಅಚ್ಚು ಹಾಕಿಸಿದ್ದಾರೆ, ಹಾಗಾಗಿ ನಿಮ್ಮದನ್ನು ಹಿಂತಿರುಗಿಸುತ್ತಿದ್ದೇವೆ ಎಂದು. ಅಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಎರಡು ಸಲ ಓದಿ, "ಅವರಿಗೂ ಅದೇ ಉತ್ತರ ಬಂದಿದೆ. ಅಂದ್ರೆ ನಾನು ಸರಿಯಾಗೇ ಮಾಡಿದ್ದೆ" ಎಂದು ಕಾಗದವನ್ನು ಮಡಿಸಿಟ್ಟರು.

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಪಾವಗಡಕ್ಕೆ ಹೊರಟುಹೋದರು. ಪುಣ್ಯಕ್ಕೆ ಹುಡುಗನಿಗೆ ಇನ್ನೂ ಮದುವೆಯಾಗಿರಲಿಲ್ಲ. ಬಾಗಿಲಲ್ಲಿ ನಿಂತ ಭಾವನನ್ನು ಹುಡುಗನ ತಾಯಿ ಮೇಲಿಂದ ಕೆಳಗೆ ನೋಡಿ, "ಏಮಪ್ಪಾ, ಹೊರಟು ಎಂಟು ತಿಂಗ್ಳಾಯ್ತಲ್ಲ, ಬಸ್ಸು ಕೆಟ್ಟೋಗಿತ್ತಾ?" ಎಂದರಂತೆ. ಆಕೆಯೇ ಮುಂದೆ ನನ್ನ ಅತ್ತೆಯಾದರು. ಮರುವರ್ಷ ಭಾವನಿಗೂ ಮೈಸೂರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಅವರು ಎರಡನೆಯ ಸಲ ಪಾವಗಡದಿಂದ ಹಿಂತಿರುಗಿದ ಆ ಸಂಜೆ. ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ನನ್ನ ಎದುರಿಗೆ ಬಂದು ಕೂತರು.

"ಆ ಲೆಕ್ಕ ನಾನು ಮಾಡದಿದ್ರೂ ಇನ್ಯಾರೋ ಮಾಡ್ತಿದ್ರು. ಮಾಡಿಯೂ ಬಿಟ್ರು. ನಿನಗೋಸ್ಕರ ಹೋಗೋಕೆ ನಾನೊಬ್ಬನೇ ಇದ್ದೆ ಕಣಮ್ಮ."

ನಾನು ಮೊರವನ್ನು ಅವರತ್ತ ಸರಿಸಿದೆ. ಅವರೂ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದರು. ಸಿಪ್ಪೆಯನ್ನು ಜೋಪಾನವಾಗಿ ಮೊರಕ್ಕೆ ಹಾಕಿ, ಬೀಜವನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಎಸೆಯಲಿ ಎಂದು ಸುಮ್ಮನಿದ್ದೆ.