ತಂಗಿಗೆ ಕೊಟ್ಟ ಮೊಡವೆ ಗುಳಿಗೆ

ಕೆಲವು ನಾಚಿಕೆಗಳು ಹಳತಾದಂತೆ ತಮಾಷೆಯಾಗುತ್ತವೆ. ಇದಕ್ಕಿನ್ನೂ ವರ್ಷ ತುಂಬಿಲ್ಲ; ನೀವು ನಕ್ಕರೂ ನಾನು ತಲೆ ತಗ್ಗಿಸಿಯೇ ಹೇಳಬೇಕು.

ನಾನು ಬಳಗಾನೂರಿನಲ್ಲಿ ಹೈಸ್ಕೂಲು ವಿಜ್ಞಾನ ಮಾಸ್ತರ. ಮೂವತ್ತು ಸಮೀಪಿಸಿದರೂ ಮುಖದ ತುಂಬ ಮೊಡವೆ. ಒಡೆದರೆ ಕೀವು, ಆರಿದರೆ ಗುಂಡಿ. ಮಕ್ಕಳು ಬೆನ್ನ ಹಿಂದೆ ‘ದಾಳಿಂಬ್ರಿ ಸರ್’ ಅನ್ನುತ್ತಿದ್ದರು. ಅರಿಶಿನ, ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಎಲ್ಲ ಬಳಿದು ಸೋತು ಸಿಂಧನೂರಿನ ಚರ್ಮದ ಡಾಕ್ಟರಮ್ಮನ ಬಳಿ ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ಬರೆದುಕೊಟ್ಟು, ಬಹಳ ಹೊತ್ತು ಎಚ್ಚರಿಕೆ ಹೇಳಿದರು. ನಾನೋ ಗೋಡೆಯ ಮೇಲಿದ್ದ ನುಣುಪು ಕೆನ್ನೆಯ ಚಿತ್ರ ನೋಡುತ್ತಾ ಕೂತಿದ್ದೆ. ಗುಳಿಗೆ ಶುರುವಾದ ಮೇಲೆ ತುಟಿ ಬಿರಿದು, ಖಾರದ ಪಲ್ಯ ಉಣ್ಣುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಆರು ತಿಂಗಳಿಗೆ ಮುಖ ತಿಳಿಯಾಯಿತು. ಕನ್ನಡಿ ಬಿಟ್ಟು ಬರಲು ಅವ್ವ ಎರಡು ಸಲ ಕೂಗಬೇಕಾಗುತ್ತಿತ್ತು.

ಆಗ ಲಿಂಗಸುಗೂರಿಗೆ ಕೊಟ್ಟ ತಂಗಿ ರೇಣುಕಾ ಬಂದಳು. “ಅಣ್ಣಾ, ನನ್ನ ಮಾರಿ ನೋಡು, ಎಷ್ಟು ಗುಳ್ಳಿ ಎದ್ದಾವ!” ನಾನು ಉಳಿದಿದ್ದ ಗುಳಿಗೆಯ ಡಬ್ಬಿಯನ್ನು ದಾನಶೂರನಂತೆ ಕೊಟ್ಟೆ. “ಊಟ ಆದಮ್ಯಾಗ ದಿನಾ ಒಂದು ನುಂಗು.”

ಮರುವಾರ ಡಾಕ್ಟರಮ್ಮನ ಮುಂದೆ ಇದನ್ನೇ ಬಡಾಯಿ ಕೊಚ್ಚಿದೆ. ಅವರ ಪೆನ್ನು ನಿಂತಿತು. “ನಿಮ್ಮ ತಂಗಿಗೆ ಮದುವಿ ಆಗೇತೇನ್ರೀ?”

“ನಾಕು ತಿಂಗಳಾತ್ರಿ.”

“ಬಸುರಾಗಿದ್ರ ಹೊಟ್ಟ್ಯಾಗಿನ ಕೂಸಿನ ತಲಿ, ಹೃದಯ ಕೆಡಬಹುದು, ಯಾರಿಗೂ ಕೊಡಬ್ಯಾಡ್ರಿ ಅಂತ ಅವತ್ತ ಹೇಳಿದ್ದೆನಲ್ರೀ!”

ಹೊರಗೆ ಬಂದು ಫೋನು ಹಚ್ಚಿದರೆ ರೇಣುಕಾಳ ಅತ್ತೆ ಎತ್ತಿದರು. ಅವರನ್ನು ಏನೆಂದು ಕೇಳಲಿ? “ಏನಿಲ್ರಿ, ಸುಮ್ಮನ ಮಾಡಿದ್ದೆ” ಎಂದು ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿಯವರೆಗೆ ನನ್ನನ್ನು ಬೈದುಕೊಂಡೆ. ಮಸ್ಕಿ ದಾಟಿದ ಮೇಲೆ ದೇವರಿಗೆ ಹರಕೆ ಹೊತ್ತೆ.

ತಂಗಿಯನ್ನು ಬದಿಗೆ ಕರೆದು, “ಗುಳಿಗಿ ನುಂಗಿಯೇನು?” ಅಂದೆ.

“ಇಲ್ಲಣ್ಣಾ. ಡಬ್ಬಿ ಮ್ಯಾಲೆ ಬಸುರಿ ಹೆಣ್ಮಗಳ ಚಿತ್ರಕ್ಕ ಅಡ್ಡಗೆರಿ ಹೊಡದಾರ. ನನಗೂ ತಿಂಗಳು ನಿಂತೈತಿ, ಯಾಕ ಬೇಕಂತ ಒಂದೂ ಮುಟ್ಟಿಲ್ಲ. ನೀ ಆರು ತಿಂಗಳು ನುಂಗೀಯಲ್ಲ, ಆ ಚಿತ್ರ ಕಂಡಿಲ್ಲೇನು?”

ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟವಳು ವಿಜ್ಞಾನದ ಮಾಸ್ತರನನ್ನು ಕೇಳಿದ ಪ್ರಶ್ನೆ ಅದು. ಕಟ್ಟೆಯ ಮೇಲೆ ಕೂತೆ. ಅಷ್ಟರಲ್ಲಿ ಅವಳ ಅತ್ತೆ ಚಹಾ ತಂದರು. “ಯಾಕ ತಮ್ಮಾ, ಮಾರಿ ಅಷ್ಟು ಕೆಂಪಾಗೇತಿ?”

ಮೊಡವೆಯಿದ್ದ ಕಾಲದಲ್ಲಿ ನನ್ನ ಮುಖ ಕೆಂಪಾದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.