ಮೂರು ಊರಾಗ ಮೂರು ಸಿಡಿ

ನಾ ಏನನ್ನ ಭಾಳ ಜ್ವಾಪಾನ ಮಾಡ್ತೀನೋ, ಅದಕ್ಕ ಏನರ ಒಂದು ಆಗೇ ಆಗತೈತಿ. ನನ್ನ ಮೊದಲನೇ ಸಂಶೋಧನಾ ಪೇಪರಿನ ಕತಿನ ಕೇಳ್ರಿ.

ಎರಡು ಸಾವಿರದ ಇಸವಿ ದಾಟಿ ನಾಕೈದು ವರ್ಷ ಆಗಿತ್ತು. ರೋಣದಾಗ ನಾ ಕಾಲೇಜ್ ಮಾಸ್ತರ, ಜೊತಿಗೆ ಪಿಎಚ್‌ಡಿ. ಕಡ್ಲಿಕಾಳಿನಾಗ ಯಾವ್ಯಾವ ಪ್ರೋಟೀನ್ ಅದಾವ ಅಂತ ಧಾರವಾಡದಾಗ ಮಷೀನಿಗೆ ಹಾಕಿ ನೋಡೂದು, ಬಂದ ಮಾಹಿತಿ ಕಂಪ್ಯೂಟರ್‌ನಾಗ ಕೂಡಿಸಿಡೂದು. ಪೇಪರಿನಾಗ ಎದಿ ಉಬ್ಬಿಸಿ ಬರದಿದ್ದೆ: "ಸಣ್ಣ ಊರಿನಲ್ಲೂ ಮಾಹಿತಿಯನ್ನು ಸುರಕ್ಷಿತವಾಗಿ ಕಾಪಾಡಬಹುದು. ಮೂರು ಊರುಗಳಲ್ಲಿ ಮೂರು ಪ್ರತಿ ಇಟ್ಟರೆ ಸಾಕು."

ಪತ್ರಿಕಿಯವರು ಮೇಲ್ ಮಾಡಿದ್ರು, "ಹಂಗಾದ್ರ ಮೂಲ ಮಾಹಿತಿ ಲಗೂ ಕಳಸ್ರಿ." ಅದ ವಾರ ಕರೆಂಟ್ ಹೆಚ್ಚುಕಡಿಮಿ ಆಗಿ ನನ್ನ ಕಂಪ್ಯೂಟರ್ ಸುಟ್ಟಿತ್ತು.

"ಈ ಪೇಪರ್ ಬರಲಿಲ್ಲಂದ್ರ ಪಿಎಚ್‌ಡಿ ಮರೀರಿ" ಅಂದ್ರು ಗೈಡು.

"ಚಿಂತಿ ಬ್ಯಾಡ್ರಿ ಸರ, ಮೂರು ಸಿಡಿ ಅದಾವು" ಅಂದೆ.

ರೋಣ

ಒಂದು ನಮ್ಮ ಮನ್ಯಾಗ ಇತ್ತು. ಕೇಳಿದ್ರ ಅವ್ವ ದೇವರ ಮಾಡದಿಂದ ತಗದು ಕೊಟ್ಟಳು. ಖಂಡೇಪೂಜಿ ದಿನ, ಆಯುಧಕ್ಕ ಪೂಜಿ ಮಾಡೂವಾಗ, ಅದಕ್ಕೂ ಅರಿಷಿಣ, ಕುಂಕುಮ, ವಿಭೂತಿ ಆಗಿದ್ವು, ಅದೂ ಮಾಹಿತಿ ಇರೂ, ಹೊಳಿಯೂ ಕಡೆ.

"ಈ ಕಡೆ ಯಾಕ ಹಚ್ಚಿದಿ ಅವ್ವಾ?"

"ಆ ಕಡೆ ನೀ ಪೆನ್ನಿಲೆ ಬರದೀಯಲ್ಲೋ. ಅಕ್ಷರ ಅಳಿಸಿ ಹೋಗಬಾರ್ದಂತ ಖಾಲಿ ಕಡೆ ಹಚ್ಚೀನಿ."

ನನ್ನ ಮಾರಿ ನೋಡಿ ಆಕಿಗೆ ಕೆಟ್ಟ ಅನಿಸ್ತು. ಒಳಗ ಒಯ್ದು, ಹುಣಸಿಹಣ್ಣು ಬೂದಿ ಹಚ್ಚಿ, ತಂಬಗಿ ತಿಕ್ಕಿದಂಗ ಗಸಗಸ ತಿಕ್ಕಿ ತಂದಳು. ಕಾಲೇಜಿನ ಕಂಪ್ಯೂಟರಿಗೆ ಹಾಕಿದೆ. ಅದು ಒಂದು ಸಲ ಗರ್ ಅಂದು ಹೊರಗ ಉಗುಳ್ತು. ಹುಳಿ ಹತ್ತಿರಬೇಕು.

ನರಗುಂದ

ಎರಡನೇದು ಅಕ್ಕನ ಮನ್ಯಾಗ. ಬಸ್ ಹತ್ತಿ ಹೋದೆ. ಅಕ್ಕನ ಗಂಡ, ನಮ್ಮ ಮಾವ, ಭಾಳ ಖುಷೀಲೆ ಹೊಲಕ್ಕ ಕರಕೊಂಡು ಹೋದ. ಜ್ವಾಳದ ನಡುವ ಕೋಲು, ಕೋಲಿಗೆ ದಾರ, ದಾರಕ್ಕ ನನ್ನ ಸಂಶೋಧನೆ, ಗಾಳಿಗೆ ಗಿರಗಿರ ತಿರಗಾಕ ಹತ್ತಿತ್ತು. ಬಿಸಿಲಿಗೆ ಮ್ಯಾಲಿನ ಬೆಳ್ಳಿ ಪದರ ಸುಲದು, ಅದರಾಗಿಂದ ಆಚಿಗಿನ ಹುಣಸಿಗಿಡ ಸ್ವಚ್ಛ ಕಾಣತಿತ್ತು.

"ನೀ ಏನೋ ಓದಾಕತ್ತೀದಿ ಅಂತ ಕೇಳಿದ್ದೆ. ಇಷ್ಟು ಉಪಯೋಗ ಐತಿ ಅಂತ ಗೊತ್ತಿರಲಿಲ್ಲೋ ತಮ್ಮಾ. ಒಂದ ಗಿಳಿ ಈ ಕಡೆ ಹಾದಿಲ್ಲ!"

ಮಾವ ದನಿ ಸಣ್ಣದು ಮಾಡಿ ಅಂದ, "ಇನ್ನೊಂದು ಇದ್ರ ಕೊಡು. ಪಡುವಲ ಕಡೆ ಗುಬ್ಬಿ ಭಾಳ ಅದಾವು."

ಗಜೇಂದ್ರಗಡ

ಉಳಿದದ್ದು ಒಂದ. ಅದು ನನ್ನ ಸಾಲಿ ದೋಸ್ತನ ಹತ್ತಿರ. ಅವಂದು ಬಜಾರದಾಗ ಪಾತ್ರಿ-ಬಾಂಡೆ ಅಂಗಡಿ, ಅಪ್ಪ ಅಜ್ಜನ ಕಾಲದ್ದು. ಹೋದಕೂಡ್ಲೆ ಕೇಳಿದೆ,

"ಸಿಡಿ ಎಲ್ಲೈತೋ?"

"ಅರೆ, ತಿಜೋರ್‍ಯಾಗ ಐತಿ. ಕುಂದರು, ಚಾ ಕುಡಿ."

ತಿಜೋರಿ ತಗದ. ಬಂಗಾರದ ಡಬ್ಬಿ ಸರಿಸಿ ಕೈಯಾಗ ಕೊಟ್ಟ. ಕಾಗದದ ಪಾಕೀಟಿನ ಸಮೇತ ಸಿಡಿಗೆ ಗಟ್ಟಿ ಲ್ಯಾಮಿನೇಷನ್! ಮೂಲ್ಯಾಗ ನನ್ನ ಪಾಸ್‌ಪೋರ್ಟ್ ಸೈಜಿನ ಫೋಟೋ.

"ಇದೇನಪಾ?"

"ಮಾರ್ಕ್ಸ್‌ಕಾರ್ಡಿಗಿಂತ ಹೆಚ್ಚಿಂದು ಅಂತ ನೀನ ಹೇಳಿದ್ದಿ. ನನ್ನ ಮಾರ್ಕ್ಸ್‌ಕಾರ್ಡಿಗೇ ಲ್ಯಾಮಿನೇಷನ್ ಮಾಡಿಸೀನಿ, ಅದರಾಗ ಬರೇ ಫೇಲ್ ಐತಿ!"

"ಫೋಟೋ ಯಾಕ?"

"ಯಾರದಂತ ತಿಳೀಬೇಕಲ್ಲ."

ತಗಡು ಕತ್ತರಿಸೂ ದೊಡ್ಡ ಕತ್ತರಿ ತಂದ. ನಾ ಕಣ್ಣು ಮುಚ್ಚಿದೆ. ಕಚಕ್ ಅಂತು. ಫೋಟೋದಾಗಿನ ನನ್ನ ಒಂದು ಕಿವಿ ಹೋತು, ಸಿಡಿ ಉಳೀತು. ಬಾಜೂಕ ಇದ್ದ ಇಂಟರ್ನೆಟ್ ಅಂಗಡ್ಯಾಗ ಹಾಕಿದ್ರ ಕಡ್ಲಿಕಾಳಿನ ಎಲ್ಲಾ ಪ್ರೋಟೀನ್ ಸಾಲಾಗಿ ಬಂದು ನಿಂತ್ವು. ಬಾಂಡೆ ಅಂಗಡಿ ಮುಂದ ಬಂದು ಇಬ್ಬರೂ ಅಪ್ಪಿಕೊಂಡು ಕುಣದ್ವಿ. ಪಾತ್ರಿ ಕೊಳ್ಳಾಕ ಬಂದ ಹೆಣ್ಮಗಳು ಲೋಟ ಅಲ್ಲೇ ಬಿಟ್ಟು ಹೋದಳು.

ಪೇಪರ್ ಅಚ್ಚಾತು, ಪಿಎಚ್‌ಡೀನೂ ಬಂತು. ಅಚ್ಚಾಗಿದ್ದ ಒಂದ ಪ್ರತಿ ಅಂಚೀಲೆ ಬಂದಿತ್ತು. ದೋಸ್ತನ ಹೆಸರು ಧನ್ಯವಾದದಾಗ ಹಾಕಿದ್ದೆ, ಅದಕ್ಕ ನೋಡಾಕ ಕೊಟ್ಟೆ. ಮುಂದಿನ ವಾರ ತಂದು ಟೇಬಲ್ ಮ್ಯಾಲೆ ಇಟ್ಟ. ಟಪ್ ಅಂತ ಸಪ್ಪಳಾತು. ಎಲ್ಲಾ ಹಾಳಿ ಕೂಡಿಸಿ ಒಂದ ಲ್ಯಾಮಿನೇಷನ್!

"ಮಾರಾಯ, ಒಳಗಿನ ಪುಟ ಓದೂದು ಹ್ಯಾಂಗೋ?"

ಅಂವ ನನ್ನ ಕಡೆ ಕನಿಕರದಿಂದ ನೋಡಿದ. "ಡಾಕ್ಟರ್ ಆದಿ, ಇನ್ನೂ ತಿಳೀಲಿಲ್ಲಲ್ಲೋ ನಿನಗ. ಓದಾಕ ಕೊಟ್ರ ಹಾಳಾಗತೈತಿ!"